ಎಳ್ಳು, ಕಡಲೆ ಮತ್ತು ದ್ರಾಕ್ಷಿಯ ತೊಟ್ಟಿ

ಲೆಬನಾನ್ ದೇಶದ ವಿಸ್ತೀರ್ಣ 10,452 ಚದರ ಕಿಲೋಮೀಟರು. ನಮ್ಮ ಉತ್ತರ ಕನ್ನಡ ಜಿಲ್ಲೆಯದು 10,291. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ನನಗೆ ಆಶ್ಚರ್ಯವಾಯಿತು. ವರ್ಷಕ್ಕೆ ನಾಲ್ಕು ಸಲವಾದರೂ ಪತ್ರಿಕೆಗಳ ಮುಖಪುಟಕ್ಕೆ ಬರುವ ಆ ದೇಶ ನಮ್ಮದೊಂದು ಜಿಲ್ಲೆಯಷ್ಟೇ! ಹೋಲಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿಯೂ ಪಶ್ಚಿಮಕ್ಕೆ ಸಮುದ್ರ, ಸಮುದ್ರದಂಚಿಗೆ ಕಿರಿದಾದ ನೆಲದ ಪಟ್ಟಿ, ಅದರ ಬೆನ್ನಿಗೇ ಎದ್ದು ನಿಂತ ಬೆಟ್ಟ, ಬೆಟ್ಟ ದಾಟಿದರೆ ಬಯಲು. ಕಾರವಾರದಿಂದ ಹೊರಟು ಘಟ್ಟ ಹತ್ತಿ, ಯಲ್ಲಾಪುರ ಹಾದು ಮುಂಡಗೋಡಿನ ಬಯಲು ಸೇರಿದ ಹಾಗೆ, ಬೇರೂತಿನಿಂದ ಹೊರಟವರು ಲೆಬನಾನ್ ಪರ್ವತ ದಾಟಿ ಬೆಕಾ ಎಂಬ ಎತ್ತರದ ಕಣಿವೆಗೆ ಇಳಿಯುತ್ತಾರೆ. ವ್ಯತ್ಯಾಸವಿಷ್ಟೇ, ಅವರ ಬೆಟ್ಟ 3,000 ಮೀಟರಿಗೂ ಮಿಕ್ಕಿದ್ದು. ಚಳಿಗಾಲದಲ್ಲಿ ಮೈತುಂಬ ಹಿಮ ಹೊದ್ದು ಬೆಳ್ಳಗಿರುತ್ತದೆ. ಲೆಬನಾನ್ ಎಂಬ ಹೆಸರೇ ಬಿಳುಪು ಎಂಬರ್ಥದ ಧಾತುವಿನಿಂದ ಬಂದದ್ದು. ಅರಬ್ಬಿಯಲ್ಲಿ ಮೊಸರಿಗೆ ‘ಲಬನ್’ ಎನ್ನುವುದೂ ಅದೇ ಧಾತುವಿನಿಂದ. ಮೊಸರಿನ ಹೆಸರನ್ನೇ ಹಂಚಿಕೊಂಡ ದೇಶ ಇನ್ನೊಂದಿದೆಯೋ ಇಲ್ಲವೋ!

ನನಗೆ ಈ ದೇಶದ ಪರಿಚಯವಾದದ್ದು ಪತ್ರಿಕೆಯಿಂದಲ್ಲ, ಅಡುಗೆಮನೆಯಿಂದ. ದುಬೈಯಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ರಜೆಗೆ ಬಂದಾಗ ಒಂದು ಡಬ್ಬಿ ತಂದುಕೊಟ್ಟಳು. ಒಳಗೆ ಗಟ್ಟಿಯಾದ, ಎಣ್ಣೆ ತೇಲುವ, ಗೋಧಿಬಣ್ಣದ ಹಿಟ್ಟು. “ದೊಡ್ಡಮ್ಮಾ, ಇದು ತಹಿನಿ. ಅಲ್ಲಿ ನಮ್ಮ ಮನೆ ಕೆಳಗೇ ಲೆಬನಾನಿನವರ ಹೋಟೆಲಿದೆ, ಅವರು ಎಲ್ಲದಕ್ಕೂ ಇದನ್ನೇ ಹಾಕುತ್ತಾರೆ” ಎಂದಳು. ನನ್ನ ಅತ್ತೆ ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡು, “ಇದು ಎಳ್ಳಲ್ಲವೇನೇ? ಎಳ್ಳು ಅರೆದು ತರುವುದಕ್ಕೆ ವಿಮಾನ ಹತ್ತಬೇಕಿತ್ತೇ?” ಎಂದರು. ಅತ್ತೆಯ ಮಾತು ಅವರಿಗೇ ತಿಳಿಯದಷ್ಟು ನಿಜವಾಗಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದ್ರಾಕ್ಷಿಯ ವಿಷಯ ಮುಗಿಸಿಕೊಳ್ಳುತ್ತೇನೆ, ಏಕೆಂದರೆ ಆ ನೆಲದ ಚರಿತ್ರೆಯನ್ನು ದ್ರಾಕ್ಷಿಯನ್ನು ಬಿಟ್ಟು ಹೇಳಲು ಬರುವುದಿಲ್ಲ.

ದ್ರಾಕ್ಷಿ ಎಂದರೆ ಮದ್ಯ. ಮದ್ಯದ ವಿಚಾರವನ್ನು ಹೆಂಗಸೊಬ್ಬಳು ಇಷ್ಟು ಆಸಕ್ತಿಯಿಂದ ಬರೆಯುವುದೇ ಎಂದು ಯಾರಾದರೂ ಮೂಗುಮುರಿದರೆ ಅದು ಸಹಜವೇ. ಕುಡಿತ ಎಂಬ ಮಾತು ನಮ್ಮಲ್ಲಿ ಎಷ್ಟು ಮನೆಗಳ ಪಾತ್ರೆಪಗಡಿ, ತಾಳಿಗುಂಡು ನುಂಗಿದೆ ಎಂಬುದು ನಮಗೆ ಗೊತ್ತು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಯ ಹೆಂಗಸರು ಬಿಟ್ಟ ನಿಟ್ಟುಸಿರು ನನಗೂ ಕೇಳಿಸಿದೆ. ಆದರೆ ಲೆಬನಾನಿನ ಊಟದ ಮೇಜಿನಲ್ಲಿ ವೈನು ಬೇರೆಯೇ ಕುಲದ ವಸ್ತು. ಅಲ್ಲಿನ ಕ್ರೈಸ್ತರ ಮನೆಗಳಲ್ಲಿ ಅದು ಊಟದ ಭಾಗ, ಪೂಜೆಯ ಭಾಗ. ಮುಸ್ಲಿಮರ ಮನೆಗಳಲ್ಲಿ ಸಾಮಾನ್ಯವಾಗಿ ನಿಷಿದ್ಧ. ಎರಡೂ ಬಗೆಯ ಮನೆಗಳು ಒಂದೇ ಬೀದಿಯಲ್ಲಿರುವ ಊರುಗಳಿವೆ. ದ್ರಾಕ್ಷಿಯ ಬಳ್ಳಿಯಂತೂ ಎರಡೂ ಅಂಗಳಗಳಲ್ಲಿ ಹಬ್ಬಿರುತ್ತದೆ.

ಆ ಬಳ್ಳಿ ಅವರಿಗೆ ನಮ್ಮ ತೆಂಗಿನ ಮರವಿದ್ದ ಹಾಗೆ. ಯಾವ ಭಾಗವನ್ನೂ ಬಿಸಾಡುವುದಿಲ್ಲ. ಎಳೆಯ ಎಲೆಯಲ್ಲಿ ಅಕ್ಕಿ ತುಂಬಿ ಸುರುಳಿ ಸುತ್ತಿ ಬೇಯಿಸುತ್ತಾರೆ; ಪತ್ರೊಡೆ ಮಾಡಿ ಅಭ್ಯಾಸವಿದ್ದ ಕೈಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಹಣ್ಣಾಗದ ಕಾಯಿಯ ರಸ ಹುಳಿಗೆ. ಹಣ್ಣು ತಿನ್ನಲು, ಒಣಗಿಸಿದರೆ ಒಣದ್ರಾಕ್ಷಿ, ರಸ ಕುದಿಸಿ ಇಂಗಿಸಿದರೆ ‘ದಿಬ್ಸ್’ ಎಂಬ ಕಾಕಂಬಿ, ಹುಳಿ ಬಂದರೆ ವಿನೆಗರು. ಇಷ್ಟೆಲ್ಲ ಆದ ಮೇಲೆ ವೈನು.

ಆ ವೈನಿನ ಹಳಮೆಗೆ ಒಂದು ಗಟ್ಟಿ ಸಾಕ್ಷಿ ಸಿಕ್ಕಿದೆ. ಸಿಡಾನ್ ಪಟ್ಟಣದಿಂದ ದಕ್ಷಿಣಕ್ಕೆ 8 ಕಿಲೋಮೀಟರಿನಷ್ಟು ದೂರದಲ್ಲಿ, ಕಡಲ ದಂಡೆಯಲ್ಲಿ ತೆಲ್ ಎಲ್ ಬುರಾಕ್ ಎಂಬ ದಿಬ್ಬವಿದೆ. 2001ರಿಂದ ಅಲ್ಲಿ ಲೆಬನಾನ್ ಮತ್ತು ಜರ್ಮನಿಯ ವಿದ್ವಾಂಸರು ಸೇರಿ ಉತ್ಖನನ ನಡೆಸಿದರು. ಅದರ ಮುಂದಾಳುಗಳಲ್ಲಿ ಒಬ್ಬರು ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಹೆಲೆನ್ ಸಾದೆರ್ ಎಂಬ ಮಹಿಳೆ. ಅಗೆಯುತ್ತ ಹೋದಾಗ ಕ್ರಿಸ್ತಪೂರ್ವ 7ನೇ ಶತಮಾನದ ದ್ರಾಕ್ಷಿ ತುಳಿಯುವ ತೊಟ್ಟಿಯೊಂದು ಸಿಕ್ಕಿತು. ವಿವರಗಳು 2020ರಲ್ಲಿ ಪ್ರಕಟವಾದವು. ಮೇಲೆ ಹಣ್ಣು ಹಾಕಿ ಕಾಲಿನಿಂದ ತುಳಿಯುವ ಜಾಗ, ಅಲ್ಲಿಂದ ರಸ ಹರಿದು ಬೀಳಲು ಕೆಳಗೊಂದು ದೊಡ್ಡ ತೊಟ್ಟಿ. ಆ ತೊಟ್ಟಿ ಸುಮಾರು 4,500 ಲೀಟರು ಹಿಡಿಯುತ್ತಿತ್ತು. ಇದು ಒಂದು ಮನೆಯ ಅಗತ್ಯಕ್ಕೆ ಮಾಡಿದ್ದಲ್ಲ, ವ್ಯಾಪಾರಕ್ಕೆ ಮಾಡಿದ್ದು ಎಂದು ನೋಡಿದೊಡನೆ ತಿಳಿಯುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ತೊಟ್ಟಿಯ ಗಾರೆ. ಸುಣ್ಣಕ್ಕೆ ಒಡೆದ ಮಡಕೆಯ ಚೂರುಗಳನ್ನು ಕುಟ್ಟಿ ಸೇರಿಸಿ, ನೀರು ಜಿನುಗದ ಹಾಗೆ ಬಲಪಡಿಸಿದ್ದರು. ಒಡೆದ ಮಡಕೆಗೂ ಒಂದು ಉಪಯೋಗವಿದೆ ಎಂದು ತಿಳಿದವರು ಯಾರೋ, 2,600 ವರ್ಷಗಳ ಹಿಂದೆ!

ಆ ಜನರನ್ನು ಗ್ರೀಕರು ಫಿನೀಷಿಯನ್ನರು ಎಂದು ಕರೆದರು. ಬಿಬ್ಲೋಸ್, ಸಿಡಾನ್, ಟೈರ್ ಅವರ ಊರುಗಳು. ಅವರಿಗೆ ದೊಡ್ಡ ಸಾಮ್ರಾಜ್ಯವಿರಲಿಲ್ಲ, ಹಡಗುಗಳಿದ್ದವು. ಬೆಟ್ಟದ ದೇವದಾರು ಮರ, ಬಸವನಹುಳುವಿನಂಥ ಕಡಲ ಜೀವಿಯಿಂದ ತೆಗೆದ ನೇರಳೆ ಬಣ್ಣ, ಎಣ್ಣೆ, ವೈನು ಹೊತ್ತು ಅವರು ಮೆಡಿಟರೇನಿಯನ್ ಸಮುದ್ರವನ್ನೆಲ್ಲ ಸುತ್ತಿದರು. ಲೆಕ್ಕ ಬರೆಯಲು ಅನುಕೂಲವಾಗಲೆಂದು ಇಪ್ಪತ್ತೆರಡೇ ಅಕ್ಷರಗಳ ಲಿಪಿಯನ್ನು ಬಳಸಿದರು. ಗ್ರೀಕ್ ಲಿಪಿ ಹುಟ್ಟಿದ್ದು ಅದರಿಂದ. ಅದರ ಇನ್ನೊಂದು ಕವಲಾದ ಅರಾಮಿಕ್ ಲಿಪಿಯ ಪ್ರಭಾವ ನಮ್ಮ ಬ್ರಾಹ್ಮಿಯ ಮೇಲೂ ಆಯಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ನಾನು ಈಗ ಬರೆಯುತ್ತಿರುವ ಅಕ್ಷರಗಳಿಗೂ ಆ ಜನಕ್ಕೂ ದೂರದ ನಂಟಸ್ತಿಕೆ ಇದ್ದೀತು.

ಅವರ ಹಡಗುಗಳಲ್ಲಿ ಎರಡು ಗಾಜಾ ಮತ್ತು ಅಶ್ಕೆಲೋನ್ ಕರಾವಳಿಯಾಚೆ ಸುಮಾರು 400 ಮೀಟರ್ ಆಳದಲ್ಲಿ ಇವತ್ತಿಗೂ ನೇರವಾಗಿ ಕುಳಿತಿವೆ. 1999ರಲ್ಲಿ ರಾಬರ್ಟ್ ಬ್ಯಾಲಾರ್ಡ್, ಲಾರೆನ್ಸ್ ಸ್ಟೇಜರ್ ಮೊದಲಾದವರು ಯಂತ್ರಗಳನ್ನಿಳಿಸಿ ಅವನ್ನು ಪರೀಕ್ಷಿಸಿದರು. ಕ್ರಿಸ್ತಪೂರ್ವ 8ನೇ ಶತಮಾನದವು. ಮರ ಬಹುಪಾಲು ಕರಗಿ ಹೋಗಿದೆ. ವೈನು ತುಂಬಿದ್ದ ನೂರಾರು ಜಾಡಿಗಳು ಮಾತ್ರ ಹಡಗಿನ ಆಕಾರದಲ್ಲೇ ಸಾಲಾಗಿ ನಿಂತಿವೆ. ಒಳಮೈಗೆ ಪೈನ್ ಮರದ ಅಂಟು ಸವರಿದ್ದರು, ಸೋರಬಾರದೆಂದು. ಅಡುಗೆಯ ಮಡಕೆಯೂ ಸಿಕ್ಕಿತು. ಆ ಮಡಕೆಯ ಚಿತ್ರ ನೋಡಿದಾಗ ನನಗೆ ಜಾಡಿಗಳೆಲ್ಲ ಮರೆತುಹೋಯಿತು. ಯಾರದೋ ಕೊನೆಯ ಊಟ ಅದರಲ್ಲಿ ಬೆಂದಿರಬೇಕು.

ಹಡಗುಗಳಿಗೆ ವಿದ್ವಾಂಸರು ‘ತನಿತ್’ ಮತ್ತು ‘ಎಲಿಸ್ಸಾ’ ಎಂದು ಹೆಸರಿಟ್ಟರು. ತನಿತ್ ಅವರ ದೇವತೆ. ಎಲಿಸ್ಸಾ ಟೈರ್ ನಗರದ ರಾಜಕುಮಾರಿ. ಲ್ಯಾಟಿನ್ ಕವಿಗಳು ಆಕೆಯನ್ನು ಡೈಡೋ ಎಂದು ಕರೆದರು. ಐಶ್ವರ್ಯದ ಆಸೆಗೆ ಸ್ವಂತ ತಮ್ಮನೇ ಅವಳ ಗಂಡನನ್ನು ಕೊಲ್ಲಿಸಿದ. ಅವಳು ಅಳುತ್ತ ಕೂರಲಿಲ್ಲ. ಐಶ್ವರ್ಯವನ್ನೆಲ್ಲ ಹಡಗಿಗೇರಿಸಿ ಆಫ್ರಿಕದ ದಂಡೆಗೆ ಹೋದಳು. ಅಲ್ಲಿನ ದೊರೆಯನ್ನು ಒಂದು ಎತ್ತಿನ ಚರ್ಮ ಮುಚ್ಚುವಷ್ಟು ಜಾಗ ಕೊಡು ಎಂದು ಕೇಳಿದಳಂತೆ. ಅಷ್ಟೇ ತಾನೇ ಎಂದು ಅವನು ಒಪ್ಪಿದ. ಎಲಿಸ್ಸಾ ಆ ಚರ್ಮವನ್ನು ಎಳೆಎಳೆಯಾಗಿ ಸೀಳಿ, ಗಂಟು ಹಾಕಿ, ಒಂದು ಗುಡ್ಡವನ್ನೇ ಸುತ್ತುಹಾಕಿಬಿಟ್ಟಳು. ವಾಮನ ಮೂರು ಹೆಜ್ಜೆಯಲ್ಲಿ ಮಾಡಿದ್ದನ್ನು ಈಕೆ ಒಂದು ಚರ್ಮದಲ್ಲಿ ಮಾಡಿದಳು. ಹಾಗೆ ಕಾರ್ತೇಜ್ ನಗರ ಹುಟ್ಟಿತು, ಪರಂಪರೆಯ ಲೆಕ್ಕದಲ್ಲಿ ಕ್ರಿಸ್ತಪೂರ್ವ 814ರಲ್ಲಿ. ಕಥೆ ಕಥೆಯೇ ಇರಬಹುದು. ಆದರೆ ಆ ನಗರ ಟೈರಿನವರು ಕಟ್ಟಿದ್ದೆಂಬುದು ನಿಜ. ದ್ರಾಕ್ಷಿಯ ವಿದ್ಯೆಯೂ ಅವರ ಸಂಗಡ ಹೋಯಿತು. ಕಾರ್ತೇಜಿನ ಮಾಗೋ ಎಂಬವನು ಬೇಸಾಯದ ಬಗ್ಗೆ 28 ಪುಸ್ತಕಗಳನ್ನು ಬರೆದ. ಕ್ರಿಸ್ತಪೂರ್ವ 146ರಲ್ಲಿ ರೋಮನರು ಕಾರ್ತೇಜನ್ನು ಸುಟ್ಟು ನೆಲಸಮ ಮಾಡಿದಾಗ ಅಲ್ಲಿನ ಗ್ರಂಥಗಳನ್ನೆಲ್ಲ ಯಾರಾರಿಗೋ ಹಂಚಿ, ಮಾಗೋನ ಪುಸ್ತಕವನ್ನು ಮಾತ್ರ ಲ್ಯಾಟಿನ್ನಿಗೆ ಅನುವಾದಿಸಲು ಅವರ ಸೆನೆಟ್ ಆಜ್ಞೆ ಹೊರಡಿಸಿತು. ಶತ್ರುವಿನ ದೇವರು ಬೇಡ, ಕಾವ್ಯ ಬೇಡ, ತೋಟಗಾರಿಕೆ ಬೇಕು! ಒಣದ್ರಾಕ್ಷಿಯಿಂದ ಸಿಹಿ ವೈನು ಮಾಡುವ ಅವನ ಕ್ರಮವೊಂದು ಹೀಗೆ ಉಳಿದುಬಂತು.

ಊಟದ ಮಾತಿಗೆ ಬರೋಣ. ಕ್ರಿಸ್ತಪೂರ್ವ 11ನೇ ಶತಮಾನದ ಸುಮಾರಿಗೆ ನಡೆದಂತೆ ಹೇಳುವ ಒಂದು ಈಜಿಪ್ಟಿನ ಬರಹವಿದೆ. ವೆನಾಮುನ್ ಎಂಬ ಗುಡಿಯ ಅಧಿಕಾರಿ ದೇವರ ದೋಣಿಗೆ ದೇವದಾರು ತರಲು ಬಿಬ್ಲೋಸಿಗೆ ಹೋಗುತ್ತಾನೆ. ದಾರಿಯಲ್ಲಿ ಹಣ ಕಳುವಾಗುತ್ತದೆ. ಬರಿಗೈಯಲ್ಲಿ ಬಂದವನಿಗೆ ಬಿಬ್ಲೋಸಿನ ದೊರೆ ಮರ ಕೊಡಲೊಲ್ಲ. ಹಿಂದಿನವರು ಬೆಲೆ ಕೊಟ್ಟೇ ಒಯ್ದಿದ್ದರು, ಲೆಕ್ಕದ ಪುಸ್ತಕ ನೋಡು ಎನ್ನುತ್ತಾನೆ. ಕೊನೆಗೆ ಈಜಿಪ್ಟಿನಿಂದ ಬೆಲೆ ಬರುತ್ತದೆ. ಚಿನ್ನ, ಬೆಳ್ಳಿಯ ಪಾತ್ರೆಗಳು, ಒಳ್ಳೆಯ ನಾರುಬಟ್ಟೆ, 500 ಎತ್ತಿನ ಚರ್ಮ, 500 ಹಗ್ಗ. ಅದರ ಕೊನೆಯಲ್ಲಿ 20 ಮೂಟೆ ಮಸೂರ ಬೇಳೆ, 30 ಬುಟ್ಟಿ ಮೀನು. ಚಿನ್ನದ ಜತೆ ಬೇಳೆಯ ಮೂಟೆ ಯಾಕೆ ಎಂದು ಯಾರೂ ಕೇಳಬೇಕಾಗಿಲ್ಲ. ಬೆಟ್ಟದ ದೇಶದಲ್ಲಿ ಮರವಿದೆ, ದ್ರಾಕ್ಷಿಯಿದೆ. ಧಾನ್ಯ ಬೆಳೆಯುವ ಜಾಗ ಕಡಿಮೆ. ಈ ಕೊರತೆ ಆ ದೇಶದ ಹಣೆಯಲ್ಲಿ ಅಂದೇ ಬರೆದಿತ್ತು. ಮುಂದೆ ಮೂರು ಸಾವಿರ ವರ್ಷಗಳ ಮೇಲೆ ಅದೇ ಮುಳುವಾಯಿತು. ಕಥೆಯ ನಡುವೆ ದೊರೆಯೇ ಅವನಿಗೆ ಸಮಾಧಾನಕ್ಕೆಂದು ಎರಡು ಕೊಡ ವೈನು, ಒಂದು ಟಗರು ಕಳಿಸಿ, ಹಾಡಿ ಸಂತೈಸಲು ಒಬ್ಬ ಈಜಿಪ್ಟಿನ ಹಾಡುಗಾರ್ತಿಯನ್ನೂ ಕಳಿಸುತ್ತಾನೆ. ವ್ಯಾಪಾರದಲ್ಲಿ ಬಿಗಿ, ಅತಿಥಿ ಸತ್ಕಾರದಲ್ಲಿ ಸಡಿಲು. ಲೆಬನಾನಿನವರನ್ನು ಬಲ್ಲವರು ಈಗಲೂ ಹೀಗೇ ಹೇಳುತ್ತಾರೆ.

ಆ ಮಸೂರ ಬೇಳೆ, ನಾವು ಚನ್ನಂಗಿ ಬೇಳೆ ಎನ್ನುವುದು, ಅಲ್ಲಿನ ಬಡವರ ಊಟದಲ್ಲಿ ಇಂದಿಗೂ ಇದೆ. ಇಡೀ ಮಸೂರವನ್ನು ಅಕ್ಕಿಯೊಡನೆ ಬೇಯಿಸಿ, ಮೇಲೆ ಕೆಂಪಗೆ ಕರಿದ ಈರುಳ್ಳಿ ಹರಡಿದರೆ ‘ಮುಜದ್ದರ’. ನಮ್ಮ ಹುಗ್ಗಿಯ ಅಕ್ಕನೋ ತಂಗಿಯೋ ಇರಬೇಕು. 1226ರಲ್ಲಿ ಬಾಗ್ದಾದಿನಲ್ಲಿ ಬರೆದ ಅಡುಗೆ ಪುಸ್ತಕದಲ್ಲೇ ಇದರ ಹೆಸರಿದೆ. ಲೆಂಟ್ ವ್ರತದಲ್ಲಿ ಮಾಂಸ ಬಿಟ್ಟ ಕ್ರೈಸ್ತರಿಗೆ ಇದು ಆಧಾರ. ಅವರ ಮೆಚ್ಚಿನ ತಿನಿಸು ‘ಕಿಬ್ಬೆ’. ಮಾಂಸವನ್ನು ಗೋಧಿ ನುಚ್ಚಿನೊಂದಿಗೆ ಕಲ್ಲಿನ ಒರಳಲ್ಲಿ ಕುಟ್ಟಿ ಮಾಡುವುದು. ವ್ರತದ ದಿನಗಳಲ್ಲಿ ಮಾಂಸದ ಬದಲು ಸಿಹಿಗುಂಬಳ ಹಾಕಿ ಕುಟ್ಟುತ್ತಾರೆ. ನಾಲಿಗೆಗೆ ಮೋಸ ಮಾಡುವ ಇಂಥ ಜಾಣ್ಮೆ ಉಪವಾಸವಿರುವ ಎಲ್ಲ ದೇಶದ ಹೆಂಗಸರಿಗೂ ಗೊತ್ತು.

ಇನ್ನು ಅತ್ತೆಯ ಎಳ್ಳು. ಹಮ್ಮುಸ್ ಎಂದರೆ ಅರಬ್ಬಿಯಲ್ಲಿ ಕಡಲೆ ಎಂದಷ್ಟೇ ಅರ್ಥ. ಬೆಂದ ಕಡಲೆಯನ್ನು ನುಣ್ಣಗೆ ಅರೆದು, ತಹಿನಿ, ನಿಂಬೆರಸ, ಬೆಳ್ಳುಳ್ಳಿ, ಉಪ್ಪು ಸೇರಿಸಿ, ಮೇಲೆ ಆಲಿವ್ ಎಣ್ಣೆ ಬಿಟ್ಟರೆ ಆಯಿತು. ಇದರಲ್ಲಿ ಕಡಲೆ ಅವರ ಕಡೆಯದು. ಇಂದಿನ ತುರ್ಕಿಯ ಆಗ್ನೇಯ ಭಾಗದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅದನ್ನು ಸಾಕಿ ಬೆಳೆಸಿದರು. ಅಲ್ಲಿಂದ ನಮ್ಮಲ್ಲಿಗೆ ಬಂತು. ಎಳ್ಳು ನಮ್ಮ ಕಡೆಯದು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಕಾದ ಎಳ್ಳಿನ ಮುದ್ದೆ ಸಿಕ್ಕಿದೆ. ಅದು ಸಿಂಧೂ ಕಣಿವೆಯಿಂದ ಮೆಸಪೊಟೇಮಿಯಕ್ಕೆ ಹೋಯಿತು. ಆ ನಾಡಿನ ಹಳೆಯ ಅಕ್ಕಾಡಿಯನ್ ಭಾಷೆಯಲ್ಲಿ ಎಳ್ಳೆಣ್ಣೆಗೆ ‘ಎಲ್ಲು’ ಎಂಬ ಮಾತಿದೆ. ಅದು ನಮ್ಮ ದ್ರಾವಿಡ ಭಾಷೆಗಳ ‘ಎಳ್ಳು’ ಎಂದೇ ಕೆಲವು ಭಾಷಾಶಾಸ್ತ್ರಜ್ಞರ ವಾದ. ಎಲ್ಲರೂ ಒಪ್ಪುವುದಿಲ್ಲ, ನನಗೇನೋ ಒಪ್ಪಿಬಿಡುವ ಆಸೆ. ನಿಂಬೆಯ ಮೂಲವೂ ಭಾರತದ ಈಶಾನ್ಯ ಭಾಗದ ಆಸುಪಾಸು. ಕೆಂಡದಲ್ಲಿ ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಹಿಸುಕಿ, ತಹಿನಿ ಕಲಸಿದರೆ ಅವರ ಇನ್ನೊಂದು ಪ್ರಸಿದ್ಧ ವ್ಯಂಜನವಾಗುತ್ತದೆ. ಬೆಲ್ಲ ಹುಣಸೆ ಹಾಕಿದರೆ ನಮ್ಮ ಸುಟ್ಟ ಬದನೆಯ ಗೊಜ್ಜು. ಬದನೆಯೂ ಇಲ್ಲಿಂದ ಹೋದದ್ದೇ, ಹೆಸರಿನ ಸಮೇತ. ಪರ್ಷಿಯನ್ನಿನಲ್ಲಿ ಬಾದಿಂಗಾನ್, ಅರಬ್ಬಿಯಲ್ಲಿ ಬಾದಿಂಜಾನ್, ಸ್ಪೇನಿಗೆ ಹೋಗಿ ಬೆರೆಂಹೇನ. ಹುಣಸೆಗಂತೂ ಅರಬ್ಬರು ‘ತಮರ್ ಹಿಂದಿ’, ಹಿಂದೂಸ್ತಾನದ ಖರ್ಜೂರ, ಎಂದೇ ಹೆಸರಿಟ್ಟರು.

ಇದು ಒಮ್ಮುಖ ವ್ಯಾಪಾರವಲ್ಲ. ಕ್ರಿಸ್ತಶಕ ಒಂದನೇ ಶತಮಾನದ ಒಬ್ಬ ಗ್ರೀಕ್ ನಾವಿಕನ ಕೈಪಿಡಿಯಲ್ಲಿ ಇಂದಿನ ಗುಜರಾತಿನ ಭರೂಚಿಗೆ ಬಂದಿಳಿಯುತ್ತಿದ್ದ ಸರಕಿನ ಪಟ್ಟಿಯಿದೆ. ಅದರಲ್ಲಿ ಇಟಲಿಯ ವೈನಿನೊಂದಿಗೆ ಲವೊಡಿಸಿಯದ ವೈನೂ ಇದೆ. ಲವೊಡಿಸಿಯ ಎಂದರೆ ಲೆಬನಾನಿಗೆ ಉತ್ತರದಲ್ಲಿ ಅದೇ ಕರಾವಳಿಯಲ್ಲಿರುವ ಸಿರಿಯದ ಲತಾಕಿಯ. ಎಳ್ಳು ಪಶ್ಚಿಮಕ್ಕೆ ಹೋದ ದಾರಿಯಲ್ಲೇ ದ್ರಾಕ್ಷಾರಸ ಪೂರ್ವಕ್ಕೆ ಬಂತು.

ಬೆಕಾ ಕಣಿವೆಯ ಬಾಲಬೆಕ್ಕಿನಲ್ಲಿ ರೋಮನರು ಕಟ್ಟಿದ ದೇಗುಲಗಳಿವೆ. ಅವುಗಳಲ್ಲಿ ಹೆಚ್ಚು ಇಡಿಯಾಗಿ ಉಳಿದದ್ದನ್ನು ಮದ್ಯದ ದೇವರಾದ ಬ್ಯಾಕಸ್‌ನ ಗುಡಿ ಎನ್ನುತ್ತಾರೆ. ಎರಡನೇ ಶತಮಾನದ್ದು, ಕಲ್ಲಿನಲ್ಲಿ ದ್ರಾಕ್ಷಿಯ ಬಳ್ಳಿಗಳನ್ನು ಕೆತ್ತಿದ್ದಾರೆ. ಅರಬರು ಬಂದ ಮೇಲೂ, ತುರ್ಕರ ಕಾಲದಲ್ಲೂ ಬೆಟ್ಟದ ಮಠಗಳಲ್ಲಿ ವೈನು ತಯಾರಿ ನಿಲ್ಲಲಿಲ್ಲ. 1857ರಲ್ಲಿ ಜೆಸ್ವಿಟ್ ಪಾದ್ರಿಗಳು ಬೆಕಾದ ಕ್ಸಾರದಲ್ಲಿ ತೋಟ ಮಾಡಿ ಫ್ರೆಂಚರ ಕ್ರಮದಲ್ಲಿ ವೈನು ಮಾಡತೊಡಗಿದರು. ವೈನಿಗಿಂತ ಮನೆಮಾತಾದದ್ದು ‘ಅರಕ್’. ದ್ರಾಕ್ಷಿಯ ಭಟ್ಟಿಗೆ ನಮ್ಮ ಸೋಂಪಿನಂಥ ಕಾಳು ಹಾಕಿ ಇಳಿಸಿದ್ದು. ನೀರು ಬೆರೆಸಿದೊಡನೆ ಹಾಲಿನಂತೆ ಬೆಳ್ಳಗಾಗುತ್ತದೆ. ಅರಕ್ ಎಂದರೆ ಬೆವರು. ಭಟ್ಟಿಯ ಕೊಳವೆಯಿಂದ ಬೆವರಿನ ಹನಿಯಂತೆ ತೊಟ್ಟಿಕ್ಕುವುದರಿಂದ ಆ ಹೆಸರು. ಅದೇ ಅರಬ್ಬಿ ಮಾತು ನಮ್ಮ ದೇಶಕ್ಕೆ ಬಂದು, ಅಬಕಾರಿ ಕಾಯಿದೆಯ ಇಂಗ್ಲಿಷಿನಲ್ಲಿ ‘ಅರಾಕ್’ ಆಗಿ, ನಮ್ಮ ಹೆಂಗಸರ ಕಣ್ಣೀರಿನ ಹೆಸರಾಯಿತು. ಒಂದೇ ಪದ ಎಲ್ಲೆಲ್ಲಿ ಏನೇನಾಗುತ್ತದೆ ನೋಡಿ.

ಟೈರಿನ ಹತ್ತಿರ ಕಾನಾ ಎಂಬ ಹಳ್ಳಿಯಿದೆ. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಮದುವೆಮನೆ ಇದೇ ಊರಿನದೆಂದು ಲೆಬನಾನಿನವರು ನಂಬುತ್ತಾರೆ. ಗಲಿಲಾಯದ ಇನ್ನೊಂದು ಊರೆಂದು ಹೇಳುವವರೂ ಇದ್ದಾರೆ. ಆ ಕಥೆಯಲ್ಲಿ ನನಗೆ ಹಿಡಿಸುವುದು ಪವಾಡವಲ್ಲ. ರಸ ಮುಗಿಯಿತೆಂದು ಮೊದಲು ಗಮನಿಸಿದ್ದು ತಾಯಿ ಮೇರಿ. ಮದುವೆಮನೆಯಲ್ಲಿ ಯಾವುದು ಕಡಿಮೆ ಬಿದ್ದಿದೆ, ಮನೆಯವರ ಮಾನ ಎಲ್ಲಿ ಹೋದೀತು ಎಂಬುದು ಕಾಣುವುದು ಹೆಂಗಸರ ಕಣ್ಣಿಗೇ. ಅದೇ ಕಾನಾದಲ್ಲಿ 1996ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಶಿಬಿರದಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಇಸ್ರೇಲಿನ ಫಿರಂಗಿ ಗುಂಡುಗಳು ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು.

ಲೆಬನಾನಿನ ಅಡುಗೆಯಲ್ಲಿ ನನಗೆ ಅತ್ಯಂತ ಆಪ್ತವಾದದ್ದು ‘ಮೂನೆ’. ಕೂಡಿಡುವುದು ಎಂದು ಅರ್ಥ. ಹಿಮ ಬಿದ್ದು ದಾರಿ ಮುಚ್ಚಿಹೋಗುವ ಬೆಟ್ಟದ ಹಳ್ಳಿಗಳಲ್ಲಿ ಬೇಸಗೆಯ ಕೊನೆಯಿಂದಲೇ ಚಳಿಗಾಲಕ್ಕೆ ಸಿದ್ಧತೆ ನಡೆಯುತ್ತದೆ, ನಮ್ಮಲ್ಲಿ ಮಳೆಗಾಲಕ್ಕೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿಟ್ಟುಕೊಳ್ಳುವಂತೆ. ಗೋಧಿಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಮಾಳಿಗೆಯ ಮೇಲೆ ಒಣಗಿಸಿ, ಒಡೆಸಿ ‘ಬುರ್ಗುಲ್’ ಮಾಡುತ್ತಾರೆ. ನಮ್ಮ ಕುಚ್ಚಲಕ್ಕಿಯ ವಿದ್ಯೆಯೇ. ಆ ನುಚ್ಚನ್ನು ಮೊಸರಿನಲ್ಲಿ ದಿನಗಟ್ಟಲೆ ನೆನೆಸಿ, ಹುಳಿ ಬರಿಸಿ, ಬಟ್ಟೆಯ ಮೇಲೆ ಹರಡಿ ಒಣಗಿಸಿ, ಅಂಗೈಯಿಂದ ಉಜ್ಜಿ ಉಜ್ಜಿ ಪುಡಿ ಮಾಡಿದರೆ ‘ಕಿಶ್ಕ್’. ಚಳಿಗಾಲದಲ್ಲಿ ನೀರಿಗೆ ಹಾಕಿ ಕುದಿಸಿದರೆ ಗಂಜಿ ಸಿದ್ಧ. ನೀರು ಬಸಿದ ಗಟ್ಟಿ ಮೊಸರನ್ನು ಉಂಡೆ ಕಟ್ಟಿ ಆಲಿವ್ ಎಣ್ಣೆಯಲ್ಲಿ ಮುಳುಗಿಸಿಡುವುದು, ಪುಟ್ಟ ಬದನೆಗೆ ಅಕ್ರೋಟು ಮೆಣಸು ತುಂಬಿ ಎಣ್ಣೆಯಲ್ಲಿಡುವುದು, ಅಂಜೂರ ಒಣಗಿಸುವುದು, ಗುಲಾಬಿ ನೀರು ಇಳಿಸುವುದು. ಹೆಂಗಸರು ಒಬ್ಬರ ಮನೆಯ ಕೆಲಸಕ್ಕೆ ಇನ್ನೊಬ್ಬರು ಸೇರುತ್ತಾರೆ. ಇದನ್ನು ಚರಿತ್ರೆ ಎಂದು ಯಾರೂ ಪಾಠಪುಸ್ತಕದಲ್ಲಿ ಬರೆಯುವುದಿಲ್ಲ.

ಆದರೆ ಮೂನೆಯ ಮಡಕೆಗಳೆಲ್ಲ ಬರಿದಾದ ಕಾಲವೊಂದಿತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದ ಗಿರಣಿಗಳಿಗೆ ರೇಷ್ಮೆ ಬೇಕಾಯಿತು. ಲೆಬನಾನ್ ಬೆಟ್ಟದ ಮೆಟ್ಟಿಲು ಗದ್ದೆಗಳಲ್ಲಿ ಹಿಪ್ಪುನೇರಳೆ ಹಬ್ಬಿತು. ಹುಡುಗಿಯರು ರೇಷ್ಮೆ ತೆಗೆಯುವ ಕಾರ್ಖಾನೆಗೆ ದುಡಿಯಲು ಹೋದರು, ಕೈಯಲ್ಲಿ ಕಾಸು ಓಡಾಡಿತು, ಧಾನ್ಯವನ್ನು ಹೊರಗಿನಿಂದ ಕೊಂಡರಾಯಿತು ಎಂಬ ಧೈರ್ಯ ಬಂತು. 1914ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷರು, ಫ್ರೆಂಚರು ಸಮುದ್ರವನ್ನು ಮುಚ್ಚಿದರು. ತುರ್ಕಿ ಸೈನ್ಯ ಇದ್ದಬದ್ದ ಗೋಧಿಯನ್ನೂ ಭಾರ ಹೊರುವ ಪ್ರಾಣಿಗಳನ್ನೂ ವಶಪಡಿಸಿಕೊಂಡಿತು. 1915ರ ವಸಂತದಲ್ಲಿ ಮಿಡತೆಗಳು ಬಂದು ಉಳಿದ ಹಸುರನ್ನೂ ತಿಂದವು. ಅಮೆರಿಕದಲ್ಲಿದ್ದ ಮಕ್ಕಳು ಕಳಿಸುತ್ತಿದ್ದ ಹಣವೂ ನಿಂತಿತು. ವರ್ತಕರು ದಾಸ್ತಾನು ಮಾಡಿ ಬೆಲೆ ಏರಿಸಿದರು. 1918ರ ವೇಳೆಗೆ ಸುಮಾರು ಎರಡು ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತರೆಂದು ಅಂದಾಜು. ಬೆಟ್ಟದ ಜನಸಂಖ್ಯೆಯ ಮೂರನೇ ಒಂದು ಪಾಲಿಗೂ ಕಡಿಮೆಯಿಲ್ಲ. ಕಿತ್ತಳೆಯ ಸಿಪ್ಪೆ ಹೆಕ್ಕಿ ತಿಂದರು, ಕುದುರೆಯ ಲದ್ದಿಯಲ್ಲಿ ಬಾರ್ಲಿ ಕಾಳು ಹುಡುಕಿದರು. ನಮ್ಮಲ್ಲಿ ಅನೇಕರು ಕನ್ನಡದಲ್ಲೇ ಓದಿ ಮೆಚ್ಚಿದ ಖಲೀಲ್ ಗಿಬ್ರಾನ್ ಇದೇ ಬೆಟ್ಟದ ಬ್ಶರ್ರಿ ಎಂಬ ಊರಿನವನು, 1883ರಲ್ಲಿ ಹುಟ್ಟಿದವನು. ಆಗ ಅವನು ಅಮೆರಿಕದಲ್ಲಿದ್ದ. ಪರಿಹಾರ ಸಮಿತಿಯ ಕಾರ್ಯದರ್ಶಿಯಾಗಿ ಚಂದಾ ಎತ್ತಿದ. ನಮ್ಮ ಕಡೆ ಗದ್ದೆಗಳೆಲ್ಲ ಅಡಿಕೆ ತೋಟಗಳಾಗಿ, ಅಕ್ಕಿಯನ್ನು ಪೇಟೆಯಿಂದಲೇ ತರುವ ಈ ದಿನಗಳಲ್ಲಿ ಆ ಹಿಪ್ಪುನೇರಳೆಯ ಕಥೆ ಓದುವಾಗ ನನಗೆ ಎದೆ ಝಲ್ಲೆನ್ನುತ್ತದೆ.

ಆಮೇಲೆ ಫ್ರೆಂಚರ ಆಡಳಿತ ಬಂತು, 1943ರಲ್ಲಿ ಸ್ವಾತಂತ್ರ್ಯ ಬಂತು, 1975ರಿಂದ 1990ರವರೆಗೆ ಅಂತರ್ಯುದ್ಧ ನಡೆಯಿತು. ಆ ಯುದ್ಧದ ಕಥೆಯಲ್ಲಿ ಸೇರ್ಜ್ ಹೋಷರ್ ಎಂಬವನ ದ್ರಾಕ್ಷಿ ಲಾರಿಗಳೂ ಬರುತ್ತವೆ. ಅವನ ತಂದೆ 1930ರಲ್ಲಿ ಸ್ಥಾಪಿಸಿದ ಮುಸಾರ್ ಎಂಬ ವೈನಿನ ಮನೆ ಬೇರೂತಿನ ಉತ್ತರಕ್ಕಿರುವ ಗಜೀರಿನಲ್ಲಿ. ದ್ರಾಕ್ಷಿ ಬೆಳೆಯುವುದು ಬೆಟ್ಟದಾಚೆ ಬೆಕಾದಲ್ಲಿ. ನಡುವೆ ಗುಂಡು ಹಾರಿಸುವವರ ಠಾಣೆಗಳು. 1976ರಲ್ಲಿ ವೈನೇ ಆಗಲಿಲ್ಲ. 1984ರಲ್ಲಿ ಲಾರ��ಗಳು ಸುತ್ತುಬಳಸಿ ಬರುವಷ್ಟರಲ್ಲಿ ಹಣ್ಣು ದಾರಿಯಲ್ಲೇ ಹುಳಿಬರತೊಡಗಿತ್ತು. ಉಳಿದ ವರ್ಷಗಳಲ್ಲಿ ಹೇಗೋ ತಂದ. ಅವನು ಬಿಳಿ ವೈನಿಗೆ ಬಳಸಿದ್ದು ಒಬೈದೆ, ಮೆರ್ವಾ ಎಂಬ ಅಲ್ಲಿನದೇ ತಳಿಗಳನ್ನು. ಅಂತರ್ಯುದ್ಧ ಮುಗಿದಾಗ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದ ವೈನು ತಯಾರಕರು ಆಮೇಲಿನ ವರ್ಷಗಳಲ್ಲಿ ಹತ್ತಾರಾದರು.

ಹಮ್ಮುಸ್ ಯಾರದು ಎಂಬ ಜಗಳವೂ ಹುಟ್ಟಿತು. ಇಸ್ರೇಲಿನವರು ಅದನ್ನು ತಮ್ಮದೆಂದು ಜಗತ್ತಿಗೆಲ್ಲ ಮಾರುತ್ತಿದ್ದಾರೆಂದು ಲೆಬನಾನಿನ ಉದ್ಯಮಿಗಳು 2008ರಲ್ಲಿ ಕೂಗೆಬ್ಬಿಸಿದರು. 2010ರ ಮೇ ತಿಂಗಳಲ್ಲಿ ನೂರಾರು ಬಾಣಸಿಗರು ಸೇರಿ ಒಂದೇ ತಟ್ಟೆಯಲ್ಲಿ 10,452 ಕಿಲೋ ಹಮ್ಮುಸ್ ಮಾಡಿ ದಾಖಲೆ ಬರೆದರು. ದೇಶದ ಚದರ ಕಿಲೋಮೀಟರಿಗೆ ಒಂದೊಂದು ಕಿಲೋ! ನನಗೆ ನಗು ಬಂತು, ಸಂಕಟವೂ ಆಯಿತು. ನೆಲದ ಗಡಿಯನ್ನು ಕಾಯಲಾಗದವರು ತಟ್ಟೆಯ ಗಡಿಯನ್ನಾದರೂ ಕಾಯೋಣವೆಂದುಕೊಂಡಿರಬೇಕು. ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಕಮಾಲ್ ಮುಜವಕ್ ಎಂಬವರು 2004ರಲ್ಲಿ ಬೇರೂತಿನಲ್ಲಿ ಶುರುಮಾಡಿದ ರೈತರ ಸಂತೆ, ಅದರ ಜತೆಗೆ ಆಮೇಲೆ ತೆರೆದ ಊಟದ ಮನೆ. ಅಲ್ಲಿ ದಿನಕ್ಕೊಬ್ಬರಂತೆ ಬೇರೆ ಬೇರೆ ಹಳ್ಳಿಯ ಹೆಂಗಸರು ಬಂದು ತಮ್ಮೂರಿನ ಅಡುಗೆ ಮಾಡಿ ಬಡಿಸುತ್ತಿದ್ದರು. ಪರಸ್ಪರ ಗುಂಡು ಹಾರಿಸಿಕೊಂಡ ಊರುಗಳ ಹೆಂಗಸರು ಒಂದೇ ಒಲೆಯ ಮುಂದೆ.

2020ರ ಆಗಸ್ಟ್ 4ರಂದು ಬೇರೂತಿನ ಬಂದರಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ನಿಂತಿದ್ದ ಗೋಧಿಯ ಬೃಹತ್ ಕಣಜ ಹೊಡೆತವನ್ನು ತಾನು ತಿಂದು, ಹಿಂದಿದ್ದ ಊರಿನ ಒಂದು ಭಾಗವನ್ನು ಉಳಿಸಿತು. ಒಳಗಿನ ಗೋಧಿ ಹಾಳಾಗಿ ಹೋಯಿತು. ಎರಡು ವರ್ಷದ ಬಳಿಕ ಅದರ ಒಂದು ಪಾಲು ಕುಸಿದುಬಿತ್ತು. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಅವರ ‘ಮನೂಶೆ’ ಎಂಬ ಬೆಳಗಿನ ರೊಟ್ಟಿಯನ್ನು, ಮೇಲೆ ಕಾಡು ಸೊಪ್ಪಿನ ಪುಡಿ, ಎಳ್ಳು, ಎಣ್ಣೆ ಸವರಿ ಸುಡುವುದನ್ನು, ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ದಕ್ಷಿಣದ ಹಳ್ಳಿಗಳ ಜನ ಮತ್ತೊಂದು ಯುದ್ಧದಿಂದ ಮನೆ ಬಿಟ್ಟು ಹೋಗಿದ್ದರು. 2024ರ ನವೆಂಬರಿನಲ್ಲಿ ಬಾಲಬೆಕ್ಕಿನ ದೇಗುಲಗಳ ಹತ್ತಿರವೇ ಬಾಂಬು ಬಿತ್ತು.

ಬೆಕಾ ಕಣಿವೆಯಲ್ಲಿ ತೆರ್ಬೊಲ್ ಎಂಬ ಇನ್ನೊಂದು ಊರಿದೆ. ಒಣಭೂಮಿಯ ಬೇಸಾಯದ ಅಂತರರಾಷ್ಟ್ರೀಯ ಸಂಶೋಧನಾ ಕೇಂದ್ರವೊಂದು ಸಿರಿಯದ ಅಲೆಪ್ಪೊ ಬಳಿ ದಶಕಗಳಿಂದ ಕಡಲೆ, ಮಸೂರ, ಗೋಧಿ, ಬಾರ್ಲಿಯ ಸಾವಿರಾರು ಹಳೆಯ ತಳಿಗಳ ಬೀಜ ಕೂಡಿಟ್ಟಿತ್ತು. ಅದು ಲೋಕದ ಮೂನೆ ಎನ್ನಿ. 2012ರಲ್ಲಿ ಅಂತರ್ಯುದ್ಧ ಬಾಗಿಲಿಗೆ ಬಂತು. ವಿಜ್ಞಾನಿಗಳು ಊರು ಬಿಡಬೇಕಾಯಿತು. ಆದರೆ ಅವರು ಮೊದಲೇ ಬೀಜಗಳ ಒಂದೊಂದು ಪಾಲನ್ನು ನಾರ್ವೆಯ ಸ್ವಾಲ್‌ಬಾರ್ಡಿನ ಹಿಮದಡಿಯ ಉಗ್ರಾಣಕ್ಕೆ ಕಳಿಸಿದ್ದರು. 2015ರಲ್ಲಿ ಆ ಉಗ್ರಾಣದ ಬಾಗಿಲು ಮೊದಲ ಸಲ ಬೀಜ ಹಿಂದಕ್ಕೆ ಕೊಡಲೆಂದು ತೆರೆಯಿತು. ಪೆಟ್ಟಿಗೆಗಳು ತೆರ್ಬೊಲ್‌ಗೂ ಮೊರಾಕ್ಕೊಗೂ ಬಂದವು. ತೆರ್ಬೊಲ್ಲಿನ ಹೊಲದಲ್ಲಿ ಅವನ್ನು ಬಿತ್ತಿದರು, ಮಸೂರ ಹೂಬಿಟ್ಟಿತು, ಕಡಲೆ ಕಾಯಿಕಟ್ಟಿತು. ಒಣಗಿಸಿ, ಎಣಿಸಿ, ಪೊಟ್ಟಣ ಕಟ್ಟಿ, 2017ರಲ್ಲಿ ತಾವು ಪಡೆದ ಸಾಲದ ಒಂದು ಭಾಗವನ್ನು ಮತ್ತೆ ಹಿಮದ ಉಗ್ರಾಣಕ್ಕೆ ಕಳಿಸಿಕೊಟ್ಟರು.